ಡೆಮೊ ಮೇಜಿನ ಕೆಳಗಿನ ಅಡುಗೆ

ಮಿಕ್ಸಿ ರಿಪೇರಿಗೆ ಹೋದವರು ಮೊದಲು ಮಿಕ್ಸಿಯನ್ನು ಮುಟ್ಟಬಾರದು. ಅದು ಕೂತಿರುವ ಕಟ್ಟೆಯನ್ನು ನೋಡಬೇಕು. ಕಟ್ಟೆ ಒದ್ದೆ ಇದೆಯೇ, ಪ್ಲಗ್ಗು ಎಷ್ಟು ದೂರ ಇದೆ, ಜಾರಿನ ಮುಚ್ಚಳವನ್ನು ಯಾವ ಕಡೆ ಇಟ್ಟಿದ್ದಾರೆ, ರುಬ್ಬುವವರು ಕುಳ್ಳಗಿದ್ದಾರೋ ಎತ್ತರವಾಗಿದ್ದಾರೋ. ಅರ್ಧ ತೊಂದರೆ ಅಲ್ಲೇ ಗೊತ್ತಾಗುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ವಿಜಯವಾಡ ಮತ್ತು ವಿಶಾಖಪಟ್ಟಣದ ಅಡುಗೆಮನೆಗಳ ನೆಲದ ಮೇಲೆ ಕೂತು, ಬಿಚ್ಚಿ, ಜೋಡಿಸಿ, ಬೈಸಿಕೊಂಡು ಕಲಿತೆ.

ಈಗ ನಿವೃತ್ತನಾಗಿದ್ದೇನೆ. ಸರ್ವಿಸ್ ಸೆಂಟರಿಗೆ ಹೊಸದಾಗಿ ಸೇರಿದವರು ಆಗಾಗ ಫೋನ್ ಮಾಡುತ್ತಾರೆ. "ತಿಪ್ಪೇಸ್ವಾಮಿ ಸರ್, ಈ ಮನೆಯಮ್ಮ ಹೀಗಂತಾರೆ, ಏನ್ ಮಾಡ್ಲಿ" ಎಂದು ಕೇಳುತ್ತಾರೆ. ಫೋನಿನಲ್ಲಿ ಹೇಳಿದ್ದು ಅವರಿಗೂ ನೆನಪಿರುವುದಿಲ್ಲ, ನನಗೂ ನೆನಪಿರುವುದಿಲ್ಲ. ಅದಕ್ಕೆ ನಿಧಾನವಾಗಿ ಟೈಪ್ ಮಾಡಿ ಇಡುತ್ತಿದ್ದೇನೆ. ಹಲವು ಮನೆಗಳ ವಿಷಯ ಬರುತ್ತದೆ. ಒಂದು ಮನೆಯದು ಮಾತ್ರ ಉದ್ದವಾಗುತ್ತದೆ. ಅಲ್ಲಿ ಶಾರದಕ್ಕ ಅಂತ ಒಬ್ಬರು ಗಂಡನ ಜೊತೆ ತಮ್ಮ ಮನೆಯಲ್ಲೇ ಇರಬೇಕೋ, ಎಲ್ಲಾ ಬಿಟ್ಟು ಊರಿನಲ್ಲಿ ಅಕ್ಕನ ಮನೆ ಸೇರಬೇಕೋ ಅನ್ನುವುದು ನಾನು ಮಾಡಿದ ಒಂದು ಡೆಮೊ ಮೇಲೆ ನಿಂತಿತ್ತು.

ನಾನು ಆಂಧ್ರ ಗಡಿಯ ಪಾವಗಡದವನು. ಐದನೇ ತರಗತಿಗೆ ಶಾಲೆ ಬಿಟ್ಟು ಮೋಟರ್ ವೈಂಡಿಂಗ್ ಅಂಗಡಿ ಸೇರಿದೆ. ಹತ್ತನೇ ತರಗತಿ ಪಾಸು ಮಾಡಿದಾಗ ನನಗೆ ಮದುವೆಯಾಗಿ ಎರಡು ಮಕ್ಕಳಿದ್ದವು. ಓದು ತಡವಾಗಿ ಬಂದವರಿಗೆ ಒಂದು ಅಭ್ಯಾಸ ಇರುತ್ತದೆ, ಎಲ್ಲವನ್ನೂ ಬರೆದುಕೊಳ್ಳುವುದು. ಯಾವ ಮನೆಯಲ್ಲಿ ಯಾರು ಏನು ಹೇಳಿದರೂ ಬಿಲ್ ಪುಸ್ತಕದ ಹಿಂದೆ ಬರೆಯುತ್ತಿದ್ದೆ. ನಮ್ಮ ಊರಿನಲ್ಲಿ ಮನೆಗೊಂದು ಭಾಷೆ, ಅಂಗಡಿಗೊಂದು ಭಾಷೆ. ಹಾಗಾಗಿ ತೆಲುಗಿಗೆ ಕಷ್ಟಪಡಲಿಲ್ಲ.

ಮೊದಲ ಕೆಲಸ ವಿಜಯವಾಡದಲ್ಲಿ, ಬೆಂಜ್ ಸರ್ಕಲ್ ಹತ್ತಿರದ ಒಂದು ಮನೆಸಾಮಾನಿನ ಅಂಗಡಿಯ ಸರ್ವಿಸ್ ವಿಭಾಗ. ನನ್ನ ಮೇಲಿನವರು ಸುಬ್ಬಾರಾವ್ ಅಂತ. ಒಳ್ಳೆಯ ಕೈಕೆಲಸ, ಕೆಟ್ಟ ಬಾಯಿ. ಮಿಕ್ಸಿಯ ಹೊಟ್ಟೆಯಡಿ ಒಂದು ಕೆಂಪು ಗುಂಡಿ ಇರುತ್ತದೆ. ಭಾರ ಹೆಚ್ಚಾದರೆ ಅದು ಹೊರಗೆ ಬಂದು ಮಿಕ್ಸಿ ನಿಲ್ಲುತ್ತದೆ. ಐದು ನಿಮಿಷ ಬಿಟ್ಟು ಒತ್ತಿದರೆ ಮತ್ತೆ ಓಡುತ್ತದೆ. ಅಷ್ಟೇ. ಮೊದಲ ವಾರ ನಾನು ಒಬ್ಬ ಅಮ್ಮನಿಗೆ ಅದನ್ನು ತೋರಿಸಿದೆ. ಹೊರಗೆ ಬಂದ ಮೇಲೆ ಸುಬ್ಬಾರಾವ್ ಮೆಟ್ಟಿಲ ಮೇಲೇ ನಿಲ್ಲಿಸಿದರು.

"ಏಮಯ್ಯಾ ಸ್ವಾಮಿ, ನಾಳೆಯಿಂದ ಆಯಮ್ಮನೇ ಸರ್ವಿಸ್‌ಗೆ ಹೋಗಲಿ, ನೀನು ಅವರ ಮನೇಲಿ ದೋಸೆ ಹುಯ್ಯಿ. ಆ ಗುಂಡಿ ಒತ್ತುವಾಗ ಬೆನ್ನು ತಿರುಗಿಸಬೇಕು, ತಿಳೀತಾ?"

ಅವತ್ತಿನಿಂದ ಬೆನ್ನು ತಿರುಗಿಸಿ ಒತ್ತುವುದನ್ನು ಕಲಿತೆ. ಎಷ್ಟೋ ವರ್ಷ ಹಾಗೇ ಮಾಡಿದೆ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ನಮ್ಮ ಕೆಲಸದಲ್ಲಿ ಸುಲಭವಾದದ್ದನ್ನೇ ಮುಚ್ಚಿಡುತ್ತಾರೆ. ಕಷ್ಟವಾದದ್ದನ್ನು ಎಲ್ಲರೆದುರು ಮಾಡುತ್ತಾರೆ.

ಆ ಅಂಗಡಿಯ ಹತ್ತಿರ ಕರ್ನಾಟಕದಿಂದ ವರ್ಗವಾಗಿ ಬಂದ ಬ್ಯಾಂಕಿನವರು ಕೆಲವರು ಸೇರಿ ಒಂದು ಮನೆ ಹಿಡಿದು ಅಡುಗೆಗೆ ಒಬ್ಬ ವಯಸ್ಸಾದ ಅಮ್ಮನನ್ನು ಇಟ್ಟುಕೊಂಡಿದ್ದರು. ಅವರ ಕುಕ್ಕರಿನ ಪಕ್ಕದಿಂದ ಹಬೆ ಸೋರುತ್ತಿತ್ತು. ರಬ್ಬರ್ ಸಡಿಲವಾಗಿತ್ತು. ನನ್ನ ಚೀಲದಲ್ಲಿ ಆ ಅಳತೆಯ ರಬ್ಬರ್ ಇರಲಿಲ್ಲ. "ಸದ್ಯಕ್ಕೆ ಇದನ್ನ ಫ್ರೀಜರ್‌ನಲ್ಲಿ ಇಡಿ ಅಮ್ಮ, ಬಿಗಿ ಆಗ್ತದೆ" ಎಂದು ಹೇಳಿ ಬಂದೆ. ಒಂದು ವಾರವಾದ ಮೇಲೆ ಹೊಸ ರಬ್ಬರ್ ತೆಗೆದುಕೊಂಡು ಹೋದರೆ ಬ್ಯಾಂಕಿನವರೆಲ್ಲ ನನ್ನನ್ನು ದುರುಗುಟ್ಟಿ ನೋಡಿದರು. ವಾರವಿಡೀ ಅವರಿಗೆ ಉಪ್ಪಿಟ್ಟು, ಅವಲಕ್ಕಿ. ರಬ್ಬರ್ ಇನ್ನೂ ಫ್ರೀಜರಿನಲ್ಲೇ ಇತ್ತು.

"ಎಷ್ಟು ಹೊತ್ತು ಇಡಬೇಕು ಅಂತ ನೀನು ಹೇಳ್ಲೇ ಇಲ್ವಲ್ಲಪ್ಪ. ತೆಗೆದ್ರೆ ಕೆಟ್ಟುಹೋದೀತು ಅಂತ ಸುಮ್ನಿದ್ದೆ" ಅಂದರು ಅಮ್ಮ.

ಹತ್ತು ನಿಮಿಷ ಇಟ್ಟು, ತೆಗೆದ ತಕ್ಷಣ ಹಾಕಬೇಕು, ಅದೂ ಎರಡು ಮೂರು ದಿನದ ಮಾತು ಅಷ್ಟೇ. ಇದನ್ನು ನಾನು ಹೇಳಿರಲಿಲ್ಲ. ಯಾರಿಗಾದರೂ ಅಡುಗೆಮನೆಯ ಉಪಾಯ ಹೇಳಿದರೆ ಎಷ್ಟು ಹೊತ್ತು, ಎಷ್ಟು ಅಳತೆ ಎಂದು ಪೂರ್ತಿ ಹೇಳಿ. ಅರ್ಧ ಉಪಾಯ ಹೇಳುವುದಕ್ಕಿಂತ ಸುಮ್ಮನೆ ಇರುವುದು ವಾಸಿ.

ಇನ್ನೊಂದು, ಮಿಕ್ಸಿಗೆ ಕಲ್ಲುಪ್ಪು ಹಾಕಿ ತಿರುಗಿಸಿದರೆ ಬ್ಲೇಡು ಹರಿತವಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಾನು ಕಂಡ ಮಟ್ಟಿಗೆ ಹರಿತವಾಗುವುದಿಲ್ಲ. ಬ್ಲೇಡಿನ ಬುಡಕ್ಕೆ ಅಂಟಿದ ಹಳೆಯ ಜಿಡ್ಡು ಬಿಡುತ್ತದೆ, ಅದಕ್ಕೇ ಚೆನ್ನಾಗಿ ರುಬ್ಬಿದ ಹಾಗೆ ಕಾಣುತ್ತದೆ. ಮಾಡಿದರೆ ತಪ್ಪಿಲ್ಲ. ಬೇಳೆ ಬೇಯಿಸುವಾಗ ನಾಲ್ಕು ಹನಿ ಎಣ್ಣೆ ಹಾಕಿದರೆ ನೊರೆ ಏಳುವುದಿಲ್ಲ, ಕುಕ್ಕರಿನ ಸೀಟಿಯ ತೂತು ಕಟ್ಟಿಕೊಳ್ಳುವುದಿಲ್ಲ. ಇದು ನಿಜ. ಉದ್ದಿನಬೇಳೆ ರುಬ್ಬುವಾಗ ಐಸ್ ನೀರು ಹಾಕಬೇಕು ಎಂದು ಹೇಳಿಕೊಟ್ಟವರು ವಿಜಯವಾಡದ ನಮ್ಮ ಮನೆ ಓನರಮ್ಮ. ಆ ಊರಿನ ಬಿಸಿಲಿಗೆ ಹಿಟ್ಟು ರುಬ್ಬುವಾಗಲೇ ಕಾದುಹೋಗುತ್ತದೆ. ಕಾದ ಹಿಟ್ಟು ಉಬ್ಬುವುದಿಲ್ಲ.

ಆಮೇಲೆ ನನ್ನನ್ನು ವಿಶಾಖಪಟ್ಟಣಕ್ಕೆ ಕಳಿಸಿದರು. ಅಲ್ಲಿ ಸರ್ವಿಸ್ ಜೊತೆಗೆ ಡೆಮೊ ಕೆಲಸವೂ ಬಂತು. ಆಗ ಫುಡ್ ಪ್ರೊಸೆಸರ್ ಜೋರಾಗಿ ಮಾರಾಟವಾಗುತ್ತಿದ್ದ ಕಾಲ. ಒಂದೇ ಯಂತ್ರ ಹಿಟ್ಟು ಕಲಸುತ್ತದೆ, ಈರುಳ್ಳಿ ಹೆಚ್ಚುತ್ತದೆ, ರುಬ್ಬುತ್ತದೆ. ವಸ್ತುಪ್ರದರ್ಶನಗಳಲ್ಲಿ, ಋಷಿಕೊಂಡದ ಕಂಪನಿಗಳ ಕಟ್ಟಡದ ಕೆಳಗೆ, ಅಪಾರ್ಟ್‌ಮೆಂಟುಗಳ ಅಂಗಳದಲ್ಲಿ ಮೇಜು ಹಾಕಿ ತೋರಿಸುತ್ತಿದ್ದೆವು. ಮ್ಯಾನೇಜರು ಮೂರ್ತಿಗಾರು. ಯಾವತ್ತೂ ದನಿ ಏರಿಸಿದವರಲ್ಲ. ಇಸ್ತ್ರಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು.

ಡೆಮೊ ಹೇಗೆ ನಡೆಯುತ್ತದೆ ಎಂದು ಹೊಸಬರು ತಿಳಿಯಬೇಕು. ಮೇಜಿನ ಮೇಲೆ ನೆಲದವರೆಗೆ ಇಳಿಯುವ ಕೆಂಪು ಬಟ್ಟೆ. ನಾನು ಎಡಚ. ಬಲಗೈಯಲ್ಲಿ ಮೈಕು, ಎಡಗೈಯಲ್ಲಿ ಕೆಲಸ. "ನೋಡಿ ಅಮ್ಮಾ, ಒಂದೇ ಕೈ ಸಾಕು, ಒಂದೇ ನಿಮಿಷ ಸಾಕು" ಎಂದು ತೆಲುಗಿನಲ್ಲಿ ಹೇಳುತ್ತಾ ಹಿಟ್ಟು ಹಾಕಿ, ನೀರು ಹಾಕಿ, ಗುಂಡಿ ತಿರುಗಿಸಿದರೆ ಬೆಣ್ಣೆಯಂಥ ಚಪಾತಿ ಹಿಟ್ಟು ಉಂಡೆಯಾಗಿ ಬರುತ್ತಿತ್ತು. ಈರುಳ್ಳಿ ಮುತ್ತಿನಂತೆ ಹೆಚ್ಚಿಕೊಳ್ಳುತ್ತಿತ್ತು. ಜನ ಚಪ್ಪಾಳೆ ತಟ್ಟುತ್ತಿದ್ದರು.

ಆ ಕೆಂಪು ಬಟ್ಟೆಯ ಹಿಂದೆ, ಮೇಜಿನ ಕೆಳಗೆ ಒಂದು ಪ್ಲಾಸ್ಟಿಕ್ ಟಬ್ಬು ಇರುತ್ತಿತ್ತು. ಅದರ ಪಕ್ಕ ಗಿಡ್ಡ ಸ್ಟೂಲಿನ ಮೇಲೆ ಅಪ್ಪಲನರಸಮ್ಮ. ಇವರು ನಮ್ಮ ಸಹಾಯಕಿ, ಅಲ್ಲಿಯವರೇ, ಐವತ್ತರ ಹತ್ತಿರ ವಯಸ್ಸು. ಬಾಯಲ್ಲಿ ಯಾವಾಗಲೂ ಲವಂಗ. ಬೆಳಿಗ್ಗೆಯೇ ಬಂದು ಗೋಧಿಹಿಟ್ಟನ್ನು ಜರಡಿ ಹಿಡಿದು, ಬೆಚ್ಚಗಿನ ನೀರು ಚಿಮುಕಿಸಿ, ಒರಟಾಗಿ ಕಲೆಸಿ ಅರ್ಧ ಗಂಟೆ ಮುಚ್ಚಿಡುತ್ತಿದ್ದರು. ಅದನ್ನು ಪುಡಿ ಮಾಡಿ ಮೇಲೆ ಒಣಹಿಟ್ಟು ಉದುರಿಸಿ ಕೊಟ್ಟರೆ ನೋಡುವವರಿಗೆ ಬರೀ ಹಿಟ್ಟಿನ ಹಾಗೆ ಕಾಣುತ್ತಿತ್ತು. ಈರುಳ್ಳಿಯನ್ನು ಸುಲಿದು ನಾಲ್ಕು ಹೋಳು ಮಾಡಿ ಐಸ್ ಡಬ್ಬಿಯಲ್ಲಿ ಇಡುತ್ತಿದ್ದರು. ಉದ್ದಿನಬೇಳೆ ನೆನೆದು ತಣ್ಣಗೆ ಕೂತಿರುತ್ತಿತ್ತು. ನಾನು ಕಾಲಿನಿಂದ ಮೆಲ್ಲಗೆ ತಟ್ಟಿದರೆ ಬೇಕಾದ್ದು ಕೈಗೆ ಬರುತ್ತಿತ್ತು. ಅಚ್ಯುತಾಪುರಂ ಕಡೆಯ ಒಂದು ಡೆಮೊದಲ್ಲಿ ಅವರು ಸ್ಟೂಲಿನ ಮೇಲೇ ನಿದ್ದೆ ಹೋಗಿ, ನಾನು ಎಷ್ಟು ತಟ್ಟಿದರೂ ಏಳದೆ, ಕೊನೆಗೆ ಕರೆಂಟು ಹೋಯಿತೆಂದು ಸುಳ್ಳು ಹೇಳಿ ಡೆಮೊ ಮುಗಿಸಬೇಕಾಯಿತು.

ಮೂರ್ತಿಗಾರು ಹಾಕಿದ ನಿಯಮ ಒಂದೇ. ಬಟ್ಟೆಯ ಕೆಳಗಿನ ವಿಷಯ ಗಿರಾಕಿಗೆ ಹೇಳಬಾರದು. "ನಾವು ಸುಳ್ಳು ಹೇಳ್ತಿಲ್ಲ ಸ್ವಾಮಿ. ಪೂರ್ತಿ ಹೇಳ್ತಿಲ್ಲ ಅಷ್ಟೇ" ಅನ್ನುತ್ತಿದ್ದರು. ನನಗೂ ಅದು ಸರಿ ಅನ್ನಿಸುತ್ತಿತ್ತು.

ಒಂದು ದಿನ ವಾಪಸಾತಿಯ ಕರೆ ಬಂತು. ಋಷಿಕೊಂಡಕ್ಕೆ ಹೋಗುವ ರಸ್ತೆಯ ಒಂದು ಅಪಾರ್ಟ್‌ಮೆಂಟ್. ಹೆಸರು ಪಾಟೀಲ ಅಂತಿತ್ತು, ಕನ್ನಡದವರು ಎಂದು ಗೊತ್ತಾಯಿತು. ಗದಗದ ಕಡೆಯವರು, ಬ್ಯಾಂಕ್ ಅಧಿಕಾರಿ, ವರ್ಗವಾಗಿ ಬಂದವರು. ಬಾಗಿಲು ತೆಗೆದು ಡಬ್ಬಿ ಕಟ್ಟಿಟ್ಟಿದ್ದ ಪ್ರೊಸೆಸರ್ ತೋರಿಸಿದರು.

"ಏನು ತೊಂದರೆ ಸರ್?"

"ಮಶೀನಿಗೇನೂ ತೊಂದರಿ ಇಲ್ರಿ. ನಮ್ಮ ಮನಿಯವ್ರ ಕೈಲಿ ಆಗವಲ್ದು. ವಾಪಸ್ ತಗೊಂಡ್ಹೋಗ್ರಿ."

ಒಳಗಿನಿಂದ ದನಿ ಬಂತು. "ಆಗವಲ್ದು ಅನ್ನೂದು ನಾ ಹೇಳ್ಬೇಕು, ನೀವಲ್ಲ."

ಶಾರದಕ್ಕ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಒಂದು ವರ್ಷದ ಹಿಂದೆ ಅವರಿಗೆ ಲಕ್ವ ಹೊಡೆದಿತ್ತು. ಕಾಲು ಸುಮಾರಾಗಿ ಸರಿಯಾಗಿತ್ತು. ಬಲಗೈ ಮಾತ್ರ ಪಕ್ಕದಲ್ಲಿ ಸುಮ್ಮನೆ ಇಳಿದಿತ್ತು. ನನ್ನನ್ನು ನೋಡಿ ಗುರುತು ಹಿಡಿದರು.

"ನೀವ ಅಲ್ರಿ ಮೈಕ್ ಹಿಡ್ಕೊಂಡು ಮಾತಾಡಿದವ್ರು? ತೆಲುಗಿನ್ಯಾಗ ಏನೇನೋ ಅಂದ್ರಿ, ನನಗ ತಿಳಿದಿದ್ದು ಕಡಿಮಿ. ಆದ್ರ ನಿಮ್ಮ ಕೈ ನೋಡಿದ್ನಿ. ಎಲ್ಲಾ ಎಡಗೈಲೆ ಮಾಡಿದ್ರಿ. ನನಗ ಉಳಿದಿರೂದೂ ಅದ ಕೈ. ಅದಕ್ಕ ಇವ್ರಿಗೆ ಕೊಡಸ್ರಿ ಅಂದೆ."

ನಾನು ಚೀಲವನ್ನು ಕೆಳಗಿಟ್ಟೆ. ಪಾಟೀಲರು ಕೂರಲು ಹೇಳಿ ವಿಷಯ ತಿಳಿಸಿದರು. ಅವರು ಬ್ರಾಂಚ್ ತಪಾಸಣೆಗೆ ಹೋದರೆ ದಿನಗಟ್ಟಲೆ ಬರುವುದಿಲ್ಲ. ಅಡುಗೆಗೆ ಬರುತ್ತಿದ್ದವರು ಬಿಟ್ಟುಹೋದರು. ಹೊಸಬರು ನಿಲ್ಲುತ್ತಿಲ್ಲ. ಶಾರದಕ್ಕನ ಅಕ್ಕ ಗದಗದಲ್ಲಿದ್ದಾರೆ, ಬಂದು ಕರೆದುಕೊಂಡು ಹೋಗುತ್ತೇನೆ ಎಂದಿದ್ದಾರೆ. ಇನ್ನು ಹತ್ತು ದಿನಕ್ಕೆ ಬರುತ್ತಾರೆ. ಅಷ್ಟರೊಳಗೆ ತಾನೊಬ್ಬಳೇ ಒಂದು ಹೊತ್ತಿನ ಅಡುಗೆ ಪೂರ್ತಿ ಮಾಡಿ ತೋರಿಸುತ್ತೇನೆ, ಸಾಧ್ಯವಾದರೆ ಇಲ್ಲೇ ಇರುತ್ತೇನೆ, ಆಗದಿದ್ದರೆ ಹೋಗುತ್ತೇನೆ ಎಂದು ಶಾರದಕ್ಕ ಮಾತು ಕೊಟ್ಟಿದ್ದಾರೆ.

"ಹೋಗಾಕ ನನಗೇನ್ ಖುಷಿ ಐತೇನ್ರಿ? ಇಪ್ಪತ್ತು ವರ್ಷ ಜೋಡಿ ಇದ್ದೀವಿ. ಆದ್ರ ಒಬ್ಬಾಕಿನ್ನ ಹಸಗೊಂಡು ಬಿಟ್ಟು ಹೆಂಗ ಹೋಗ್ಲಿ?" ಅಂದರು ಪಾಟೀಲರು.

"ಏನೇನು ಮಾಡಿದ್ರಿ ಅಕ್ಕಾ, ಹೇಳಿ" ಎಂದೆ.

"ನೀವು ಮಾಡಿದಂಗ ಮಾಡಿದೆ. ಹಿಟ್ಟು ಹಾಕಿದೆ, ನೀರು ಹಾಕಿದೆ, ಒಂದು ನಿಮಿಷ ತಿರುವಿದೆ. ಎಲ್ಲಾ ಅಂಟಿಕೊಂಡು ನಿಂತುಬಿಡ್ತು. ಉಳ್ಳಾಗಡ್ಡಿ ನೀರಾತು. ಮೂರು ದಿನ ಮಾಡಿದೆ. ಮಶೀನು ಒಂದ, ಕೈನೂ ಎಡಗೈನ. ನಿಮಗ ಬರತೈತಿ, ನನಗ ಬರಂಗಿಲ್ಲ. ಅಂದ್ರ ಈ ಕೈನೂ ಹೋತು ಅಂತ ಅರ್ಥ."

ಅವರು ಅಳುತ್ತಿರಲಿಲ್ಲ. ಲೆಕ್ಕ ಹೇಳಿದ ಹಾಗೆ ಹೇಳಿದರು. ಅದನ್ನು ಕೇಳಿ ನನಗೆ ಕೂರಲು ಆಗಲಿಲ್ಲ. ಮೂರ್ತಿಗಾರು, ಕೆಂಪು ಬಟ್ಟೆ, ನಿಯಮ ಎಲ್ಲಾ ಕಣ್ಣ ಮುಂದೆ ಬಂತು. ವಾಪಸಾತಿ ಫಾರಂಗೆ ಸಹಿ ಹಾಕಿಸಿಕೊಂಡು ಡಬ್ಬಿ ಹೊತ್ತು ಹೊರಟರೆ ನನ್ನ ಕೆಲಸ ಮುಗಿಯುತ್ತಿತ್ತು.

"ಅಕ್ಕಾ, ನಿಮ್ಮ ಕೈ ಸರಿ ಐತೆ. ಅವತ್ತು ಮೇಜಿನ ಕೆಳಗೆ ಒಬ್ರು ಕೂತಿದ್ರು" ಎಂದೆ. ಟಬ್ಬು, ನೆನೆಸಿದ ಹಿಟ್ಟು, ಐಸ್ ಡಬ್ಬಿ, ಕಾಲಿನಿಂದ ತಟ್ಟುವುದು, ಎಲ್ಲಾ ಹೇಳಿದೆ.

ಪಾಟೀಲರ ಮುಖ ಕೆಂಪಾಯಿತು. "ಹಂಗಾದ್ರ ಇದು ಮೋಸ ಅಲ್ರೀ?"

"ಹೌದು ಸರ್."

ಶಾರದಕ್ಕ ನನ್ನ ಎರಡೂ ಕೈಗಳನ್ನು ನೋಡಿದರು. "ಅಂದ್ರ ನೀವು ಮಾಡಿದ್ದು ಒಂದು ಕೈಲೆ ಅಲ್ಲ, ಮೂರು ಕೈಲೆ" ಅಂದರು. ಆಮೇಲೆ ಗಂಡನ ಕಡೆ ತಿರುಗಿ, "ಸಿಟ್ಟು ಆಮ್ಯಾಲ ಮಾಡ್ರಿ. ಆಕಿ ಕೆಳಗ ಕುಂತು ಏನೇನ್ ಮಾಡ್ತಿದ್ಲು, ಅದನ್ನ ಮೊದಲ ಕೇಳೂಣು."

ಅವತ್ತು ಡಬ್ಬಿ ಬಿಚ್ಚಿದೆ. ಹಿಟ್ಟಿಗೆ ನೀರು ಹಾಕಿ, ಚಮಚದ ಹಿಡಿಯಿಂದ ಒರಟಾಗಿ ತಿರುವಿ, ತಟ್ಟೆ ಮುಚ್ಚಿ ಬಿಟ್ಟೆವು. ಅರ್ಧ ಗಂಟೆ ನಾವೂ ಸುಮ್ಮನೆ ಕೂತು ಚಹಾ ಕುಡಿದೆವು. ನೀರು ಕುಡಿದ ಹಿಟ್ಟು ತಾನೇ ಮೆತ್ತಗಾಗುತ್ತದೆ, ನಾದುವ ಕೆಲಸ ಮುಕ್ಕಾಲು ಮುಗಿದಿರುತ್ತದೆ. ಆಮೇಲೆ ಶಾರದಕ್ಕ ಯಂತ್ರಕ್ಕೆ ಹಾಕಿ ತಿರುಗಿಸಿದರು. ಉಂಡೆಯಾಯಿತು. ಅವರು ಅದನ್ನು ಎಡಗೈಯಿಂದ ಒತ್ತಿ ನೋಡಿದರು, ಇನ್ನೊಮ್ಮೆ ಒತ್ತಿದರು.

ಮರುದಿನ ಮೂರ್ತಿಗಾರಿಗೆ ನಾನೇ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ಒಬ್ಬರಿಗೆ ಹೇಳಿದ್ರೆ ಅಪಾರ್ಟ್‌ಮೆಂಟಿಗೆಲ್ಲಾ ಹೇಳಿದ ಹಾಗೆ, ಸ್ವಾಮಿ. ನಾಳೆ ಎಲ್ಲರೂ ಬಟ್ಟೆ ಎತ್ತು ಅಂತಾರೆ."

"ಎತ್ತಲಿ ಸಾರ್. ನೆನೆಸಿಟ್ರೆ ಸುಲಭ ಆಗ್ತದೆ ಅಂತ ಹೇಳಿದ್ರೆ ಯಂತ್ರಕ್ಕೇನು ಅವಮಾನ?"

"ಅದು ನಿನಗೆ ತಿಳಿಯೋದಿಲ್ಲ" ಅಂದರು. "ವಾಪಸಾತಿಗೆ ಇನ್ನು ಹತ್ತು ದಿನ ಇದೆ. ಕೊನೇ ದಿನ ಫಾರಂ ತಗೊಂಡು ಹೋಗು. ಯಂತ್ರ ಬಂದ್ರೆ ಆಮೇಲೆ ನೀನು ಮೈಕ್ ಹಿಡಿಯೋದು ಬೇಡ." ದನಿ ಏರಿಸಲಿಲ್ಲ. ಎರಡು ವರ್ಷದ ಮೇಲೆ ಅವರೇ ಟಬ್ಬನ್ನು ಮೇಜಿನ ಮೇಲೆ ಇಡಿಸಿದರು, ನೆನೆಸುವುದನ್ನೂ ಡೆಮೊದಲ್ಲೇ ತೋರಿಸಿ ಎಂದರು. ಅದು ಆಮೇಲಿನ ಮಾತು. ಅವತ್ತು ನನ್ನ ಮೈಕಿಗಿಂತ ಆ ಹತ್ತು ದಿನದ ಚಿಂತೆ ಹೆಚ್ಚಾಗಿತ್ತು.

ಭಾನುವಾರ ಅಪ್ಪಲನರಸಮ್ಮನನ್ನು ಕರೆದುಕೊಂಡು ಹೋದೆ. ಅವರಿಗೆ ಕನ್ನಡ ಬಾರದು, ಶಾರದಕ್ಕನಿಗೆ ತೆಲುಗು ಅರೆಬರೆ. ಇಬ್ಬರೂ ಒಲೆ ಮುಂದೆ ನಿಂತ ಮೇಲೆ ನನ್ನ ಅನುವಾದ ಯಾರಿಗೂ ಬೇಕಾಗಲಿಲ್ಲ. ಅಪ್ಪಲನರಸಮ್ಮ ತಮ್ಮ ಬಲಗೈಯನ್ನು ಸೀರೆಯ ಸೆರಗಿನಲ್ಲಿ ಸೊಂಟಕ್ಕೆ ಕಟ್ಟಿಕೊಂಡರು. "ಕಟ್ಟಿಕೊಳ್ಳದೆ ಹೇಗೆ ಗೊತ್ತಾಗ್ತದೆ ಅಣ್ಣಯ್ಯಾ" ಅಂದರು. ನಾನು ಇಷ್ಟು ವರ್ಷ ಉಪಾಯ ಹೇಳಿಕೊಂಡು ತಿರುಗಿದವನು, ಇದು ನನಗೆ ಹೊಳೆದಿರಲಿಲ್ಲ.

ಕಟ್ಟಿಕೊಂಡ ಮೇಲೆ ಒಂದೊಂದೇ ತೊಂದರೆ ಕಂಡಿತು. ತಟ್ಟೆ, ಬೋಗುಣಿ ಕಟ್ಟೆಯ ಮೇಲೆ ಜಾರುತ್ತವೆ. ಹಿಡಿಯಲು ಇನ್ನೊಂದು ಕೈ ಇಲ್ಲ. ಕೆಳಗೆ ಒದ್ದೆ ಬಟ್ಟೆ ಹಾಸಿದರೆ ಜಾರುವುದಿಲ್ಲ. ಡಬ್ಬಿಯ ಮುಚ್ಚಳ ತೆಗೆಯಲು, ಡಬ್ಬಿಯನ್ನು ಅರ್ಧ ತೆರೆದ ಡ್ರಾಯರಿನಲ್ಲಿ ಇಟ್ಟು ಸೊಂಟದಿಂದ ಡ್ರಾಯರನ್ನು ಒತ್ತಿದರೆ ಅದು ಕಚ್ಚಿ ಹಿಡಿಯುತ್ತದೆ. ಬೆಳ್ಳುಳ್ಳಿ ಎಸಳನ್ನು ಸ್ಟೀಲ್ ಡಬ್ಬಿಗೆ ಹಾಕಿ ಜೋರಾಗಿ ಅಲ್ಲಾಡಿಸಿದರೆ ಸಿಪ್ಪೆ ಬಿಡುತ್ತದೆ. ಈರುಳ್ಳಿಯನ್ನು ಯಂತ್ರದಲ್ಲಿ ಒಂದೇ ಸಮ ತಿರುಗಿಸಬಾರದು, ಗುಂಡಿಯನ್ನು ತಟ್ಟಿ ತಟ್ಟಿ ಬಿಡಬೇಕು, ಆಗ ನೀರಾಗುವುದಿಲ್ಲ.

ಆದರೆ ಯಂತ್ರಕ್ಕೆ ಹಾಕುವ ಮೊದಲು ಈರುಳ್ಳಿಯನ್ನು ಸುಲಿದು ಹೋಳು ಮಾಡಬೇಕಲ್ಲ. ಅದಕ್ಕೆ ಒಂದು ಮರದ ಮಣೆ ತಂದು ಕೆಳಗಿನಿಂದ ಎರಡು ಸ್ಟೀಲ್ ಮೊಳೆ ಹೊಡೆದೆ. ಮೊನೆ ಮೇಲೆ ಬಂತು. ಈರುಳ್ಳಿಯನ್ನು ಅದಕ್ಕೆ ಚುಚ್ಚಿ ನಿಲ್ಲಿಸಿದರೆ ಅದು ಅಲ್ಲಾಡುವುದಿಲ್ಲ, ಒಂದೇ ಕೈಯಲ್ಲಿ ಸುಲಿಯಬಹುದು, ಹೆಚ್ಚಬಹುದು. ಕೆಲಸ ಮುಗಿದ ಮೇಲೆ ಮೊಳೆಗೆ ಎರಡು ಕಾರ್ಕ್ ಸಿಕ್ಕಿಸಿಡಬೇಕು.

ಕುಕ್ಕರಿನ ಮುಚ್ಚಳ ಮಾತ್ರ ಸೋಲಿಸಿತು. ನಾನು ಅದನ್ನು ಒಂದು ಕೈಯಲ್ಲಿ ಮುಚ್ಚಲು ಏನೇನೋ ಮಾಡಿದೆ. ಅಪ್ಪಲನರಸಮ್ಮ ನೋಡಿ ನೋಡಿ, "ಅಣ್ಣಯ್ಯಾ, ಮೂರು ಗಂಟೆ ನೆನೆದ ಹೆಸರುಬೇಳೆ ಕುಕ್ಕರ್ ಕೇಳೋದಿಲ್ಲ" ಅಂದರು. ಬೆಳಿಗ್ಗೆ ನೆನೆಸಿಟ್ಟರೆ ಸಾದಾ ಪಾತ್ರೆಯಲ್ಲೇ ಬೇಯುತ್ತದೆ. ಜೀವಮಾನವಿಡೀ ಕುಕ್ಕರ್ ರಿಪೇರಿ ಮಾಡಿದವನ ಮುಂದೆ ಆ ಮಾತು.

ಉಳಿದದ್ದು ರೊಟ್ಟಿ. ಚಪಾತಿ ಲಟ್ಟಿಸಲು ಎರಡು ಕೈ ಬೇಕು. ಜೋಳದ ರೊಟ್ಟಿ ಬಡಿಯುವುದಂತೂ ಆಗದ ಮಾತು. ನಾನು ನಮ್ಮ ಕಡೆ ಅಕ್ಕಿರೊಟ್ಟಿ ಮಾಡುವ ರೀತಿ ಹೇಳಿದೆ. ಹೆಂಚು ತಣ್ಣಗಿರುವಾಗಲೇ ಎಣ್ಣೆ ಸವರಿ, ಸಡಿಲ ಹಿಟ್ಟನ್ನು ಹೆಂಚಿನ ಮೇಲೇ ಒದ್ದೆ ಕೈಯಿಂದ ತಟ್ಟಿ, ಆಮೇಲೆ ಒಲೆ ಹಚ್ಚುವುದು. ಎರಡು ಹೆಂಚು ಇಟ್ಟುಕೊಂಡರೆ ಒಂದು ಬೇಯುವಾಗ ಒಂದು ಆರುತ್ತದೆ.

"ಇದು ರೊಟ್ಟಿ ಅಲ್ರಿ, ಥಾಲಿಪೆಟ್ಟು" ಅಂದರು ಶಾರದಕ್ಕ, ಜೋಳದ ಹಿಟ್ಟನ್ನು ತಟ್ಟುತ್ತಾ.

"ಹೆಸರು ಏನಾದರೂ ಇಟ್ಕೊಳ್ಳಿ ಅಕ್ಕಾ."

"ನಮ್ಮಕ್ಕ ಬಂದು ನೋಡಿದ್ರ ನಗ್ತಾಳ. ನಗಲಿ ಬಿಡ್ರಿ."

ಎಲ್ಲಾ ಸರಿಹೋಯಿತು ಎಂದುಕೊಂಡಿದ್ದೆ. ಅಕ್ಕ ಬರುವುದಕ್ಕೆ ಎರಡು ದಿನ ಇರುವಾಗ ಪಾಟೀಲರ ಫೋನು. ಶಾರದಕ್ಕ ಕುದಿಯುವ ಬೇಳೆಯ ಪಾತ್ರೆಯನ್ನು ಒಲೆಯಿಂದ ಇಳಿಸಲು ಹೋಗಿ ಅದು ವಾಲಿ ಪಾದದ ಮೇಲೆ ಚೆಲ್ಲಿತ್ತು. ಬೊಬ್ಬೆ ಎದ್ದಿತ್ತು. "ಸಾಕ್ರಿ. ಅಕ್ಕನ ಜೋಡಿ ಇವರ ಟಿಕೆಟ್ಟೂ ತಗಸೇನಿ" ಅಂದರು.

ತಪ್ಪು ನನ್ನದು. ತೊಳೆಯುವುದು, ಹೆಚ್ಚುವುದು, ಬೇಯಿಸುವುದು ಎಲ್ಲಾ ಹೇಳಿದ್ದೆ. ಬೆಂದ ಮೇಲೆ ಇಳಿಸುವುದನ್ನು ಯೋಚಿಸಿರಲಿಲ್ಲ. ಡೆಮೊದಲ್ಲಿ ಒಲೆ ಇರುವುದಿಲ್ಲ, ಹಾಗಾಗಿ ಡೆಮೊದವನ ತಲೆಗೆ ಇಳಿಸುವ ಕೆಲಸ ಬರುವುದೇ ಇಲ್ಲ. ಮುಲಾಮು ತೆಗೆದುಕೊಂಡು ಓಡಿದೆ. ಶಾರದಕ್ಕ ಕುರ್ಚಿಯ ಮೇಲೆ ಕಾಲು ನೀಡಿ ಕೂತಿದ್ದರು. ಕ್ಷಮಿಸಿ ಅಂದೆ.

"ಇರ್ಲಿ ಬಿಡ್ರಿ. ಕುಂತು ವಿಚಾರ ಮಾಡೀನಿ. ಇಳಸೂದ ಯಾಕ ಬೇಕು? ಒಲಿ ಆರಿಸಿ ಅಲ್ಲೇ ಬಿಡೂದು. ಸೌಟಿಲೆ ತಗದು ಬಡಸೂದು. ನಮ್ಮವ್ವ ಹೇಳಿದ್ಲು ಅಂತ ಇಷ್ಟು ವರ್ಷ ಇಳಿಸಿದ್ನಿ, ಅಷ್ಟ." ಆಮೇಲೆ ದನಿ ಇಳಿಸಿ, "ಇವ್ರಿಗೆ ಅಂಜಿಕಿ ಬಂದೈತ್ರಿ. ನನಗೂ ಬಂದೈತಿ. ಆದ್ರ ಮಾತು ಕೊಟ್ಟ ದಿನ ಇನ್ನೂ ಮುಗಿದಿಲ್ಲ" ಅಂದರು.

ಕೊನೆಯ ದಿನ ಫಾರಂ ಹಿಡಿದು ಹೋದೆ. ನಡುಮನೆಯಲ್ಲಿ ಎರಡು ಸೂಟ್‌ಕೇಸು ನಿಂತಿದ್ದವು, ಒಂದು ಅಕ್ಕನದು, ಒಂದು ಶಾರದಕ್ಕನದು. ರೈಲು ಸಂಜೆಗೆ. ಅಕ್ಕ ಎತ್ತರದ ಹೆಂಗಸು, ಹಣೆ ತುಂಬ ಕುಂಕುಮ, ಕೂತಲ್ಲಿ ಕೂರುವವರಲ್ಲ. ಅಡುಗೆಮನೆಯ ಬಾಗಿಲು ಮುಂದಕ್ಕೆ ಎಳೆದಿತ್ತು. ಒಳಗೆ ಶಾರದಕ್ಕ ಒಬ್ಬರೇ ಇದ್ದರು.

"ಎರಡು ತಾಸಾತು. ಪಾಪ, ಒಂದು ಕೈಲೆ ಏನ್ ಮಾಡತಾಳ ಆಕಿ. ನಾ ಹೋಗಿ ಉಳ್ಳಾಗಡ್ಡಿ ಹೆಚ್ಚಿ ಕೊಡ್ತೀನಿ" ಎಂದು ಅಕ್ಕ ಎದ್ದರು.

"ಕುಂದರ್ರಿ ಅಕ್ಕಾರ" ಅಂದರು ಪಾಟೀಲರು. ಮತ್ತೆ ಐದು ನಿಮಿಷಕ್ಕೆ ಅಕ್ಕ ಎದ್ದರು. ಮತ್ತೆ ಕೂರಿಸಿದರು. ಒಳಗೆ ಏನೋ ಬಿದ್ದ ಸದ್ದಾಯಿತು. ಈ ಸಲ ಎದ್ದವರು ಪಾಟೀಲರು. ಅಕ್ಕ ಅವರ ತೋಳು ಹಿಡಿದು, "ನೀವೂ ಕುಂದರ್ರಿ ಮತ್ತ" ಅಂದರು. ನಾನು ಫಾರಂ ಮಡಚಿ ಜೇಬಿನಲ್ಲಿ ಇಟ್ಟುಕೊಂಡೆ, ಮತ್ತೆ ತೆಗೆದೆ.

ಕೊನೆಗೆ ಬಾಗಿಲು ಸರಿಯಿತು. "ಊಟಕ್ಕ ಒಳಗ ಬರ್ರಿ. ನಾ ಹೊರಗ ತರಂಗಿಲ್ಲ" ಅಂದರು ಶಾರದಕ್ಕ.

ಕಟ್ಟೆಯ ಮೇಲೆ ನಾಲ್ಕು ತಟ್ಟೆ ಒದ್ದೆ ಬಟ್ಟೆಯ ಮೇಲೆ ಕೂತಿದ್ದವು. ಪಾತ್ರೆಗಳು ಒಲೆಯ ಮೇಲೇ ಇದ್ದವು. ಅವರು ಸೌಟಿನಿಂದ ಹೆಸರುಬೇಳೆ ಸಾರು ಬಡಿಸಿದರು, ಬದನೆಕಾಯಿ ಪಲ್ಯ ಬಡಿಸಿದರು, ಜೋಳದ ರೊಟ್ಟಿ 'ಥಾಲಿಪೆಟ್ಟು' ಹಾಕಿದರು. ನನಗೂ ಹಾಕಿದರು. ಅನ್ನದ ತಪ್ಪಲೆಯ ಮುಚ್ಚಳ ನೆಲದ ಮೇಲೆ ಬಿದ್ದಿತ್ತು, ಸದ್ದು ಅದರದು. ನಿಂತುಕೊಂಡೇ ಊಟ ಮಾಡಿದೆವು.

ಅಕ್ಕ ಎರಡು ತುತ್ತು ತಿಂದು, "ಪಲ್ಯಾಕ್ಕ ಉಪ್ಪು ಕಡಿಮಿ ಆಗೇತಿ" ಅಂದರು.

"ಉಪ್ಪಿನ ಡಬ್ಬಿ ನಿನ್ನ ಮುಂದ ಐತಿ. ಹಾಕ್ಕೊ" ಅಂದರು ಶಾರದಕ್ಕ.

ಪಾಟೀಲರು ಸಾರು ಇನ್ನೊಮ್ಮೆ ಹಾಕಿಸಿಕೊಂಡರು. ಊಟ ಮುಗಿದ ಮೇಲೆ ಕೈ ತೊಳೆದು ನಡುಮನೆಗೆ ಹೋಗಿ ಒಂದು ಸೂಟ್‌ಕೇಸನ್ನು ಎತ್ತಿಕೊಂಡು ಮಲಗುವ ಕೋಣೆಯೊಳಗೆ ಇಟ್ಟು ಬಂದರು. ನನ್ನ ಕಡೆ ನೋಡಿ, "ಆ ಫಾರಂ ಬ್ಯಾಡ್ರಿ" ಅಂದರು.

ಶಾರದಕ್ಕ ಮತ್ತೆ ಹೆಂಚಿಗೆ ಎಣ್ಣೆ ಸವರುತ್ತಿದ್ದರು. ದಾರಿಗೆ ಬುತ್ತಿ ಇಲ್ಲದೆ ನೆಂಟರನ್ನು ಕಳಿಸುವ ಪದ್ಧತಿ ಅವರ ಕಡೆ ಇಲ್ಲ. ಆರು ರೊಟ್ಟಿ ತಟ್ಟಿ ಬೇಯಿಸಿದರು. ಅಕ್ಕ ಈ ಸಲ ಬಾಗಿಲಲ್ಲಿ ನಿಂತು ಸುಮ್ಮನೆ ನೋಡಿದರು. ಬಿಳಿ ಬಟ್ಟೆ ಹಾಸಿ, ರೊಟ್ಟಿ ಇಟ್ಟು, ಶೇಂಗಾ ಚಟ್ನಿಯ ಪೊಟ್ಟಣ ಇಟ್ಟು, ನಾಲ್ಕು ಮೂಲೆಗಳನ್ನು ಒಳಕ್ಕೆ ಮಡಚಿದರು.

"ಅಕ್ಕಾ, ಬುತ್ತಿ ಆತು. ಗಂಟು ಮಾತ್ರ ನೀ ಹಾಕ್ಕೊ" ಅಂದರು. "ಅದಕ್ಕ ಎರಡು ಕೈ ಬೇಕು."

ಅಕ್ಕ ಹತ್ತಿರ ಬಂದು ಗಂಟು ಹಾಕಿದರು. ಬೇಕಾದ್ದಕ್ಕಿಂತ ಬಿಗಿಯಾಗಿ ಹಾಕಿದರು, ತುಂಬಾ ಹೊತ್ತು ಹಾಕಿದರು. ಆಮೇಲೆ ಒಬ್ಬರೇ ಆಟೋ ಹತ್ತಿ, ಬುತ್ತಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸ್ಟೇಷನ್ನಿಗೆ ಹೋದರು.